ಸೊನ್ನೆ ಹಿಡಿದವಳು

ಅವರ ಬಲ ಅಂಗೈಯ ಹೊರ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ಸದಾ ಕಪ್ಪಗಿರುತ್ತಿತ್ತು. ಮೂವತ್ತು ವರ್ಷ ನಕ್ಷೆಯ ಹಾಳೆಯ ಮೇಲೆ ಕೈ ಜಾರಿಸಿ ಜಾರಿಸಿ ಸೀಸದ ಪುಡಿಯೂ ಶಾಯಿಯೂ ಚರ್ಮದೊಳಗೆ ಇಳಿದುಬಿಟ್ಟಿದ್ದವು. ಸೀಗೆಪುಡಿಗೂ ಅದು ಜಗ್ಗುತ್ತಿರಲಿಲ್ಲ, ಸೀಮೆಎಣ್ಣೆಗೂ ಜಗ್ಗುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಆ ಅಂಚು ತಟ್ಟೆಗೆ ತಾಗದಂತೆ ಕೈಯನ್ನು ತುಸು ಎತ್ತಿ ಹಿಡಿಯುತ್ತಿದ್ದರು. ನೋಡಿದವರಿಗೆ ಕೈ ನೋಯುತ್ತಿರಬೇಕು ಅನ್ನಿಸುತ್ತಿತ್ತು.

ಅವರನ್ನು ಇಡೀ ವಾಡೆ ನಕ್ಷೆ ಕಾಕಾ ಎಂದು ಕರೆಯುತ್ತಿತ್ತು. ನಾಶಿಕದ ಹಳೆ ಊರಿನಲ್ಲಿ, ಗೋದಾವರಿಯ ಕಡೆ ಇಳಿಯುವ ಗಲ್ಲಿಯೊಂದರಲ್ಲಿದ್ದ ಆ ವಾಡೆಯಲ್ಲಿ ಹನ್ನೊಂದು ಬಿಡಾರಗಳು. ತೇಗದ ಕಂಬಗಳು, ಗಿಳಿ ಕೆತ್ತಿದ ಬೋದಿಗೆಗಳು, ನಡುವೆ ಕಲ್ಲುಹಾಸಿನ ಅಂಗಳ. ಇದೆಲ್ಲ ನೋಡುವವರಿಗೆ. ಇರುವವರಿಗೆ ಒಂದೇ ನಲ್ಲಿ, ಹಿತ್ತಲಲ್ಲಿ ಎರಡು ಪಾಯಖಾನೆ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಸಾತಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದ ಗಂಡನ ಹಿಂದೆ ಗುಲ್ಬರ್ಗಾ ಕಡೆಯಿಂದ ನಾನು ಅಲ್ಲಿಗೆ ಬಂದಿಳಿದಾಗ ನನಗೆ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಎದುರು ಕೋಣೆಯಿಂದ "ಯಾವೂರವಾ ನಿಂದು?" ಎಂಬ ದನಿ ಕೇಳಿದಾಗ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಅತ್ತುಬಿಟ್ಟೆ. ಅವರು ಬೀದರ ಕಡೆಯವರು. ಸರಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾಗಿದ್ದರು. ಹೆಂಡತಿ ಅದೇ ಕೋಣೆಯಲ್ಲಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ.

ಗಂಡ ಕೆಲಸಕ್ಕೆ ಹೋದ ಮೇಲೆ ನಾನು ಹೊಸ್ತಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಒಂದು ದಿನ ಕಾಕಾ ಗದರಿದರು. "ಗ್ವಾಡಿ ಏನ್ ಓಡಿ ಹೋಗ್ತದೇನವಾ, ಕಾಯ್ಕೋತ ಕುಂತೀದಿ? ಬಾ ಇಲ್ಲಿ, ಟೇಪು ಹಿಡಿ."

ಅವರು ಯಾರೂ ಹೇಳದೆ ತಾವಾಗಿ ಆ ವಾಡೆಯನ್ನು ಅಳೆಯುತ್ತಿದ್ದರು. ಅಳೆಯುವುದರಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಟೇಪಿನ ಸೊನ್ನೆಯ ತುದಿಯನ್ನು ಆ ಕೋಣೆಯಲ್ಲಿ ವಾಸ ಇರುವವರೇ ಹಿಡಿಯಬೇಕು. ಅಳತೆಯನ್ನು ಮೊದಲು ಅವರೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಕಾಕಾ ನೋಡಿ, ಬರೆದುಕೊಳ್ಳುತ್ತಿದ್ದರು. ಎಲ್ಲರಿಗೂ ಸೇರಿದ ಅಂಗಳ, ಮೆಟ್ಟಿಲುಗಳಲ್ಲಿ ಸೊನ್ನೆ ನನ್ನ ಪಾಲಿಗೆ ಬಂತು. ಹೊರಗಿನವನು ಬಂದು ತಾನೇ ಅಳೆದು ತಾನೇ ಬರೆದುಕೊಂಡು ಹೋದರೆ ಆ ಮನೆಯವರಿಗೆ ಏನು ಮರ್ಯಾದೆ ಎಂಬುದು ಅವರ ವಾದ. "ಸೊನ್ನಿ ಗಟ್ಟಿ ಹಿಡೀವಾ" ಎನ್ನುತ್ತಿದ್ದರು. "ನಿನ್ನ ಕೈ ಸರಿದ್ರ ನಾ ಬರದದ್ದೆಲ್ಲ ಸುಳ್ಳಾಗ್ತದ."

ಮೊದಮೊದಲು ನಾನು ಅಡಿ ಅಂಗುಲ ತಪ್ಪು ಹೇಳಿ ಬೈಸಿಕೊಂಡೆ. ಒಂದು ವರ್ಷದಲ್ಲಿ ಅವರ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ಗೆರೆ ಎಳೆಯುವಷ್ಟಾದೆ. ಟ್ರೇಸರ್ ಎಂಬ ಕೆಲಸವೊಂದಿದೆ, ಅದನ್ನು ಹೆಂಗಸರೂ ಮಾಡುತ್ತಾರೆ ಎಂದು ನನಗೆ ಗೊತ್ತಾದದ್ದೇ ಅವರಿಂದ. ಗಂಡ ಗೊಣಗಿದಾಗ ಕಾಕಾ ಹೇಳಿದ್ದು ಇಷ್ಟೇ: "ನಿಮ್ಮ ಕೈಗಿಂತ ಆಕಿ ಕೈ ಸ್ಥಿರ ಅದರೀ. ನಾ ಏನ್ ಮಾಡ್ಲಿ?"

ಆ ದಿನಗಳಲ್ಲೇ ಔರಂಗಾಬಾದಿನ ಪುರಾತತ್ವ ಕಚೇರಿಯಿಂದ ಕಾಗದ ಬಂತು. ಇಂದು ಆ ಊರನ್ನು ಸಂಭಾಜಿನಗರ ಎನ್ನುತ್ತಾರೆ. ನಾಶಿಕದ ಹಳೆ ಕಟ್ಟಡಗಳಲ್ಲಿ ಯಾವುದನ್ನು ಸರಕಾರ ಕಾಯಬೇಕೆಂದು ಊರವರೇ ಕೂತು ಪಟ್ಟಿ ಮಾಡಿ ಕಳಿಸಬೇಕಿತ್ತು. ವಾಚನಾಲಯದ ಮೇಲಂತಸ್ತಿನಲ್ಲಿ ಹಿರಿಯರ ಸಭೆ ಸೇರಿತು. ನಕ್ಷೆ ಬಿಡಿಸಿ ತೋರಿಸಲೆಂದು ಕಾಕಾ ನನ್ನನ್ನೂ ಕರೆದೊಯ್ದರು.

ಅಂಥ ಔದಾರ್ಯವನ್ನು ನಾನು ಮತ್ತೆಂದೂ ಕಂಡಿಲ್ಲ. ಪ್ರತಿಯೊಬ್ಬರೂ ಪಕ್ಕದವರ ಆಸ್ತಿಯನ್ನು ಹಾಡಿ ಹೊಗಳುವವರೇ! ದೇವಸ್ಥಾನದ ಪಂಚರು ಎದುರಿನ ಧರ್ಮಶಾಲೆಯಷ್ಟು ಪ್ರಾಚೀನವಾದದ್ದು ಬೇರೆ ಇಲ್ಲ ಎಂದರು. ಧರ್ಮಶಾಲೆಯವರು ಎದ್ದು ನಿಂತು, ದೇವಸ್ಥಾನದ ಮುಂದೆ ತಮ್ಮದೇನು ಮಹಾ ಎಂದು ಕೈ ಮುಗಿದರು. ಸರಕಾರದ ಫಲಕ ಒಮ್ಮೆ ಬಿದ್ದರೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕೆಂದು ಎಲ್ಲರಿಗೂ ತಿಳಿದಿತ್ತು. ಪಂಚರಿಗೆ ಗುಡಿಯ ಮುಂದೆ ಸಿಮೆಂಟಿನ ಮಂಟಪ ಆಗಬೇಕಿತ್ತು, ಧರ್ಮಶಾಲೆಯವರಿಗೆ ರಸ್ತೆಯ ಬದಿಗೆ ಅಂಗಡಿಗಳಾಗಬೇಕಿತ್ತು. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಯಾರಿಗೂ ಬೇಡವಾದ ಒಂದು ಮುರುಕು ದ್ವಾರ ಮತ್ತು ಒಂದು ಪಾಳು ಬಾವಿ.

ಆಗ ಕಾಕಾ ಎದ್ದು ನಮ್ಮ ವಾಡೆಯ ಹೆಸರು ಹೇಳಿದರು. ತಾವು ಇರುವ ಕಟ್ಟಡವನ್ನೇ ಮುಂದಿಟ್ಟವರು ಆ ಸಭೆಯಲ್ಲಿ ಅವರೊಬ್ಬರೇ. ವಾಡೆಯ ಮಾಲೀಕರು ಪುಣೆಯಲ್ಲಿದ್ದರು. ಅವರು ಬರೆದು ಕಳಿಸಿದ್ದು ಸ್ಪಷ್ಟವಾಗಿತ್ತು: ಬಿಡಾರದವರು ಉಳಿಸಿ ಎಂದರೆ ನನ್ನ ಅಡ್ಡಿಯಿಲ್ಲ, ಕೆಡವಿ ಎಂದರೆ ಅದೇ ಜಾಗದಲ್ಲಿ ಹೊಸ ಕಟ್ಟಡ, ಪ್ರತಿ ಮನೆಗೂ ಒಳಗೇ ನಲ್ಲಿ, ಒಳಗೇ ಪಾಯಖಾನೆ. ಎಲ್ಲ ಹನ್ನೊಂದು ಮನೆಯವರ ಸಹಿ ತಂದರೆ ವಾಡೆಯನ್ನೂ ಪಟ್ಟಿಗೆ ಸೇರಿಸುತ್ತೇವೆ ಎಂದು ಸಭೆ ಹೇಳಿತು.

ಇಲ್ಲಿ ಕಾಕಾ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು. ಗಂಡಸರ ಸಹಿ ತಗೊಳ್ಳಿ ಎಂದು ಎಲ್ಲರೂ ಹೇಳಿದರು. ಗಂಡಸರಲ್ಲಿ ಮುಕ್ಕಾಲು ಪಾಲು ಅವರ ಮಾತಿಗೆ ಎದುರಾಡದವರು, ಮನೆಯೊಳಗೆ ಹೆಚ್ಚು ಹೊತ್ತು ಇರದವರು. ಕಾಕಾ ಒಪ್ಪಲಿಲ್ಲ. "ದಿನಾ ಇರೋರು ಹೆಣ್ಮಕ್ಕಳು. ಸೊನ್ನಿ ಹಿಡದೋರು ಅವರು. ಅವರೇ ಹೇಳಬೇಕು" ಎಂದರು. ಅವರಿಗೆ ಒಂದು ಧೈರ್ಯವಿತ್ತು. ದೀಪಾವಳಿಗೆ ಮುಂಚೆ ವಾಡೆಯ ಹೆಂಗಸರು ಅವರವರ ಬಾಗಿಲ ಮುಂದಿನ ಕಂಬವನ್ನು ಒರೆಸಿ ಎಣ್ಣೆ ಹಚ್ಚುವ ಪದ್ಧತಿ ಇತ್ತು. ನಾನೂ ಹಚ್ಚುತ್ತಿದ್ದೆ. "ಎಣ್ಣಿ ಹಚ್ಚಿದ ಕೈ ಕೆಡವ್ಲಿಕ್ಕೆ ಒಪ್ತದೇನವಾ?" ಎಂದು ನನ್ನನ್ನು ಕೇಳಿದರು. ನಾನು ನಕ್ಕೆ. ಬೇರೆ ಏನು ಹೇಳಲೂ ಆಗ ಧೈರ್ಯ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ ಕಾಗದ ಇಟ್ಟರು. ಮೊದಲ ಮನೆಯ ಮುದುಕಿ ಲೇಖನಿಯನ್ನು ಮುಟ್ಟಲೇ ಇಲ್ಲ. "ಕಾಕಾ, ಆಮ್ಹಾಲಾ ನಳ ಪಾಹಿಜೆ" ಎಂದಳು. ನಮಗೆ ನಲ್ಲಿ ಬೇಕು, ಅಷ್ಟೇ. ಎರಡನೆಯವಳು ಅದನ್ನೇ ಹೇಳಿದಳು. ಮೂರನೆಯವಳು ಮಳೆಗಾಲದಲ್ಲಿ ತಂಬಿಗೆ ಹಿಡಿದು ಹಿತ್ತಲಲ್ಲಿ ಸರದಿ ನಿಲ್ಲುವುದನ್ನು ಹೇಳುತ್ತ ಹೇಳುತ್ತ ಸಿಟ್ಟಾದಳು. ಕಂಬ ಚೆಂದವೇ, ಆದರೆ ಕಂಬ ನೀರು ಕೊಡುತ್ತದೆಯೇ ಎಂದು ಕೇಳಿದಳು. ಕಾಕಾ ಪ್ರತಿಯೊಬ್ಬರ ಮಾತನ್ನೂ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಂಡರು. ಒಂಬತ್ತು ಮನೆ ಮುಗಿದವು. ಆ ಹೊತ್ತಿಗೆ ಸಹಿಗೆ ಅರ್ಥವೇ ಉಳಿದಿರಲಿಲ್ಲ. ಆದರೂ ಅವರು ತಲೆಯೆತ್ತಿ ನನ್ನತ್ತ ನೋಡಿದರು. ನನ್ನದೊಂದಾದರೂ ಸಿಕ್ಕೀತೆಂಬ ಆಸೆ ಆ ಮುಖದಲ್ಲಿ ಎದ್ದು ಕಾಣುತ್ತಿತ್ತು.

ನನಗೆ ಆಗ ಏಳು ತಿಂಗಳು. ಹಿಂದಿನ ವಾರವಷ್ಟೇ ಹಿತ್ತಲ ಪಾಚಿಗಲ್ಲಿನ ಮೇಲೆ ಕಾಲು ಜಾರಿ ಗೋಡೆ ಹಿಡಿದು ಉಳಿದಿದ್ದೆ. "ನನಗೂ ನಳ ಬೇಕ್ರಿ ಕಾಕಾ" ಎಂದೆ.

ಅವರು ಅದನ್ನೂ ಬರೆದುಕೊಂಡರು. "ಖರೇ ಹೇಳ್ದಿ. ನಾ ಒಬ್ಬಾವ, ಮುದುಕ. ನನಗ ಒಂದು ತಂಬಗಿ ನೀರ ಸಾಕಾಗ್ತದ. ನಾ ಇದನ್ನ ಅಳೀಲೇ ಇಲ್ಲ ನೋಡವಾ" ಎಂದು ಪುಸ್ತಕ ಮುಚ್ಚಿದರು. ಒಂದು ಬಿರುನುಡಿ ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟಾದರೂ ನಕ್ಷೆ ಪೂರ್ತಿ ಮಾಡಿದರು. ಕಟ್ಟಡ ಹೋದರೂ ಹಾಳೆ ಉಳಿಯಲಿ ಎಂದು ಸುರುಳಿಯನ್ನು ಬಗಲಲ್ಲಿ ಹಿಡಿದು ಬಸ್ಸಿನಲ್ಲಿ ಔರಂಗಾಬಾದಿಗೆ ಹೋಗಿ ಆ ಕಚೇರಿಯಲ್ಲಿ ಕೊಟ್ಟು ಬಂದರು. ಹೊರಡುವ ಮುನ್ನ ನನಗೆ ತೋರಿಸಿದರು. ಹಾಳೆಯ ಮೂಲೆಯಲ್ಲಿ ಅಳೆದವರು ಎಂದು ತಮ್ಮ ಹೆಸರು, ಅದರ ಕೆಳಗೆ ಸೊನ್ನೆ ಹಿಡಿದವರು ಎಂದು ನನ್ನ ಹೆಸರು ಬರೆದಿದ್ದರು. ಅದನ್ನು ಬರೆದದ್ದು ಆ ಭಾನುವಾರದ ನಂತರ.

ವಾಡೆ ಬಿತ್ತು. ಕಂಬಗಳು ಯಾವುದೋ ಲಾರಿಯಲ್ಲಿ ಹೋದವು. ಹೊಸ ಕಟ್ಟಡ ಏಳುವವರೆಗೆ ಎಲ್ಲರೂ ಅಲ್ಲಿ ಇಲ್ಲಿ ಬಾಡಿಗೆಗೆ ಹೋದೆವು. ಕಾಕಾ ಊರಾಚೆಯ ದೇವಳಾಲಿ ಕ್ಯಾಂಪಿನಲ್ಲಿ ಒಂದು ಕೋಣೆ ಹಿಡಿದರು, ಮತ್ತೆ ಮರಳಲಿಲ್ಲ. ಹೊಸ ಮನೆಯಲ್ಲಿ ಮೊದಲ ದಿನ ನಲ್ಲಿ ತಿರುಗಿಸಿದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದನ್ನು ಇಲ್ಲ ಎನ್ನಲಾರೆ. ಇಂದು ಕೇಳಿದರೂ ನಾನು ಆ ಕಾಗದಕ್ಕೆ ಸಹಿ ಹಾಕುವುದಿಲ್ಲ. ಇದಕ್ಕೆ ಪರಿಹಾರವಿಲ್ಲ, ನಾನು ಹುಡುಕುವುದನ್ನೂ ಬಿಟ್ಟಿದ್ದೇನೆ.

ಕೆಲವು ವರ್ಷಗಳ ಮೇಲೆ ನನಗೆ ಟ್ರೇಸರ್ ಕೆಲಸ ಸಿಕ್ಕಿತು. ಕೆಲಸದ ಮೇಲೆ ಒಮ್ಮೆ ಔರಂಗಾಬಾದಿಗೆ ಹೋದಾಗ ಆ ಕಚೇರಿ ಹುಡುಕಿಕೊಂಡು ಹೋಗಿ ವಾಡೆಯ ನಕ್ಷೆ ಕೇಳಿದೆ. ಗುಮಾಸ್ತರು ಒಳ್ಳೆಯವರು, ಎರಡು ಕಪಾಟು ತೆಗೆದು ನೋಡಿದರು. ಪಟ್ಟಿಗೆ ಸೇರದ ಕಟ್ಟಡಗಳ ಕಾಗದವನ್ನೆಲ್ಲ ಹಿಂದಿನ ವರ್ಷ ರದ್ದಿಗೆ ಹಾಕಿದ್ದರಂತೆ. ಪಟ್ಟಿಗೆ ಸೇರಿದ್ದ ಆ ಮುರುಕು ದ್ವಾರದ ಮೇಲೆ ನಮ್ಮೂರವರು ಬೆರಣಿ ತಟ್ಟುತ್ತಿದ್ದರು, ಅದರ ಕಡತ ಮಾತ್ರ ಭದ್ರವಾಗಿತ್ತು.

ಹಿಂತಿರುಗಿದ ಮೇಲೆ ದೇವಳಾಲಿಗೆ ಹೋದೆ. ಕಾಕಾ ಹಾಸಿಗೆ ಹಿಡಿದಿದ್ದರು. ಚಾದರದ ಮೇಲಿದ್ದ ಅವರ ಬಲಗೈ ನೋಡಿದೆ. ಅಂಚು ಬೆಳ್ಳಗಾಗಿತ್ತು. ಬರೆಯದೆ ಬಿಟ್ಟು ಎಷ್ಟು ದಿನವಾಯಿತೋ, ಕಪ್ಪು ತಾನಾಗಿಯೇ ಹೋಗಿತ್ತು.

"ನಮ್ಮ ಹಾಳಿ ಅದಾವೇನವಾ ಅಲ್ಲಿ?" ಎಂದರು.

"ಅದಾವ್ರಿ ಕಾಕಾ. ನೋಡಿ ಬಂದೀನಿ. ಕಪಾಟಿನ್ಯಾಗ ಚಂದ ಇಟ್ಟಾರ."

ಅವರು ನನ್ನ ಕೈಯನ್ನು ಎಳೆದು ತಿರುಗಿಸಿ ನೋಡಿದರು. ಕಿರುಬೆರಳಿನ ಕೆಳಗೆ ಶಾಯಿ ಕೂತು ಕಪ್ಪಗಾಗಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿ ನನ್ನ ಮುಖ ನೋಡಿದರು. "ಸೊನ್ನಿ ಮ್ಯಾಲಿನ ಕೈ ಸರಿಸಿಬಿಟ್ಟೆಲ್ಲವಾ" ಎಂದು ಮೆಲ್ಲಗೆ ಹೇಳಿ ಗೋಡೆಯ ಕಡೆ ಹೊರಳಿದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ನಾಲ್ಕನೆಯ ದಿನ ತೀರಿಕೊಂಡರು.