ನೀರು ಬರುವುದಿಲ್ಲ ಎಂದವರು ಯಾರು?

"ಈಜು ಬತ್ತದಾ?"

ಮಳವಳ್ಳಿಯಿಂದ ಬ್ಲಫ್ ಎಂಬ ಊರಿನ ಕಡೆಗೆ ಹೋಗುವ ಬಸ್ಸಿನಿಂದ ಎರಡು ಚೀಲ, ಒಂದು ಹಾಸಿಗೆ ಸುರುಳಿ ಹಿಡಿದು ಇಳಿದ ನನ್ನನ್ನು ಈ ಊರು ಕೇಳಿದ ಮೊದಲ ಪ್ರಶ್ನೆ ಅದು. ಕೇಳಿದವಳು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಹೆಂಗಸು. ಹೊರೆ ಎಷ್ಟು ಇಳಿಬಿದ್ದಿತ್ತೆಂದರೆ ಅವಳ ಕಣ್ಣು ಮಾತ್ರ ಕಾಣುತ್ತಿದ್ದವು. ನಮ್ಮ ಧಾರವಾಡದಲ್ಲಿ ಹೊಸಬರನ್ನು ಮೊದಲು "ಊಟ ಆತೇನ್ರಿ?" ಎಂದು ಕೇಳುತ್ತಾರೆ, ಯಾವ ಊರು, ಯಾರ ಪೈಕಿ ಎಂಬುದೆಲ್ಲ ಆಮೇಲೆ. ನಾನು ತಬ್ಬಿಬ್ಬಾಗಿ, ಈಜು ಬರುವುದಿಲ್ಲ ಎಂದೆ.

"ಒಳ್ಳೇದಾಯ್ತು ಬುಡು. ಈಜು ಬರೋರೇ ಓಗಿರೋದು," ಎಂದು ಹೊರೆ ಸರಿಮಾಡಿಕೊಂಡು ಅವಳು ನಡೆದುಬಿಟ್ಟಳು. ಎಲ್ಲಿಗೆ ಹೋಗಿರುವುದು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಊರ ಹಿಂದೆ ಎಲ್ಲೋ ಕಾವೇರಿ ಸದ್ದು ಮಾಡುತ್ತಿತ್ತು. ಆ ಸದ್ದಿಗೆ ನಾನು ಇವತ್ತಿಗೂ ಪೂರ್ತಿ ಒಗ್ಗಿಲ್ಲ.

ಮಳವಳ್ಳಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಪೇಟೆಯಲ್ಲೇ ಮನೆ ಹಿಡಿಯಬಹುದಿತ್ತು. ಆದರೆ ಕಾಲೇಜಿನಲ್ಲಿ ಪರಿಚಯವಾದ ವಿಮಲಾ ಎಂಬ ಮೈಸೂರಿನವಳು ಹೊಳೆಯ ಹತ್ತಿರದ ಈ ಹಳ್ಳಿಯಲ್ಲಿ ಒಂದು ಹೆಂಚಿನ ಮನೆ ಹಿಡಿದು ಒಬ್ಬಳೇ ಇದ್ದಳು. ಜೊತೆಗೆ ಬಾ ಎಂದಳು, ಬಂದೆ. ಅವಳದು ಜೀವಶಾಸ್ತ್ರದ ಸಂಶೋಧನೆ. ನೀರಿನಲ್ಲಿಳಿದು ಕಲ್ಲು ಮಗುಚಿ, ಅದರ ಅಡಿಗೆ ಅಂಟಿಕೊಂಡ ಹುಳುಗಳನ್ನು ಚಿಮಟದಲ್ಲಿ ಎತ್ತಿ ಸಣ್ಣ ಸೀಸೆಗಳಿಗೆ ಹಾಕಿ ತರುತ್ತಿದ್ದಳು. ಅಡುಗೆಮನೆಯ ಗೂಡಿನಲ್ಲಿ ಜೀರಿಗೆ ಡಬ್ಬಿಯ ಪಕ್ಕ ಆ ಸೀಸೆಗಳ ಸಾಲು. ಒಂದು ಸಲ ಸಾರಿಗೆ ಒಗ್ಗರಣೆ ಹಾಕುವಾಗ ಕೈ ತಪ್ಪುವುದರಲ್ಲಿತ್ತು, ದೇವರು ದೊಡ್ಡವನು.

ನನ್ನ ಸಂಶೋಧನೆಯೂ ಒಂದಿದೆ, ಅದಕ್ಕೆ ಉಲ್ಲೇಖ ವಿಶ್ಲೇಷಣೆ ಎನ್ನುತ್ತಾರೆ. ಯಾವ ಲೇಖನ ಯಾವ ಲೇಖನವನ್ನು ಆಧಾರವಾಗಿ ಹೆಸರಿಸಿದೆ, ಆ ಲೇಖನಕ್ಕೆ ಆಧಾರ ಯಾವುದು ಎಂದು ಬೇರಿನತನಕ ಹೋಗುವ ಕೆಲಸ. ಹುಲ್ಲಿನ ಹೊರೆಯ ಹೆಂಗಸು, ಅವಳ ಹೆಸರು ಜಯಮ್ಮ, ಪಕ್ಕದ ಮನೆಯವಳೇ ಎಂದು ಆಮೇಲೆ ತಿಳಿಯಿತು. ನಾನು ಏನು ಓದುತ್ತೇನೆಂದು ವಿವರಿಸಿದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಂದ್ರೆ ಯಾರು ಯಾರ ಎಸ್ರು ಏಳ್ತಾರೆ ಅಂತ ನೋಡ್ಕಂಡು ಕೂತ್ಕಳದಾ? ನಮ್ಮತ್ತೆ ಜಲ್ಮೆಲ್ಲ ಅದ್ನೇ ಮಾಡುದ್ಲು ಕಣಮ್ಮ. ಯಾರೂ ಒಂದ್ ಡಿಗ್ರಿ ಕೊಡ್ನಿಲ್ಲ."

ಇಲ್ಲಿಯ ಮಾತು ಹಾಗೆ, ಮುಖಕ್ಕೆ ಹೊಡೆದ ಹಾಗೆ. ನಮ್ಮ ಕಡೆ ಬೈಯುವಾಗಲೂ ಒಂದು "ರೀ" ಹಚ್ಚುತ್ತೇವೆ. ಇಲ್ಲಿ ಪ್ರೀತಿಗೂ ಏಕವಚನ. ಮೊದಲ ತಿಂಗಳು ಊರೆಲ್ಲ ನನ್ನ ಮೇಲೆ ಸಿಟ್ಟಾಗಿದೆ ಎಂದುಕೊಂಡಿದ್ದೆ. ನಾನು "ಬರ್ರಿ, ಕೂಡ್ರಿ" ಎಂದರೆ ಹೋಟೆಲಿನ ಸಿದ್ದಣ್ಣ, "ಏನ್ ತಾಯಿ, ನಾವೇನ್ ಅಮಲ್ದಾರ್ರಾ?" ಎಂದು ಹಿಂದೆ ತಿರುಗಿ ಯಾರಾದರೂ ದೊಡ್ಡವರು ಬಂದಿದ್ದಾರೆಯೇ ಎಂದು ನೋಡುತ್ತಿದ್ದ. ನುಂಗಬೇಕಾದ ಮುದ್ದೆಯನ್ನು ಅಗಿದು ತಿಂದು ನಗೆಪಾಟಲಾದೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಕಲಸಿಕೊಳ್ಳುವ ಉಪ್ಸಾರನ್ನು ಮೊದಲ ಸಲ ಕಂಡು ಸಾರು ಮಾಡಲು ಮರೆತರೇನೋ ಎಂದುಕೊಂಡಿದ್ದೆ. ಈಗ ಅದಿಲ್ಲದೆ ಊಟ ಸೇರುವುದಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಕನಸಿನಲ್ಲಿ ಕೇಳಿಸುತ್ತದೆ.

ಆದರೆ ಎರಡು ಊರುಗಳ ನಿಜವಾದ ವ್ಯತ್ಯಾಸ ಊಟದ್ದಲ್ಲ, ನೀರಿನದು. ನಮ್ಮಲ್ಲಿ ನಳದ ನೀರಿಗೆ ವಾರಗಟ್ಟಲೆ ದಾರಿ ಕಾಯುತ್ತೇವೆ, ನೀರು ಬರಲಿಲ್ಲವಲ್ಲ ಎಂಬುದೇ ಚಿಂತೆ. ಇಲ್ಲಿಯ ಭಯ ತಿರುವುಮುರುವು. ಇಲ್ಲಿ ನೀರು ಬರುತ್ತದೆ. ಆಕಾಶ ತಿಳಿಯಾಗಿರುತ್ತದೆ, ಹಕ್ಕಿ ಕೂಗುತ್ತಿರುತ್ತವೆ, ಎಲ್ಲೋ ದೂರದ ಮಳೆಗೆ ಇಲ್ಲಿ ಹೊಳೆ ಏರುತ್ತದೆ. ಕಲ್ಲಿನ ಬುಡ ಒಣಗಿದ್ದದ್ದು ಒದ್ದೆಯಾಗಿ, ಒದ್ದೆಯಾಗಿದ್ದದ್ದು ಕಾಣದಂತಾಗುತ್ತದೆ. ನಾನು ಒಮ್ಮೆ ದಡದ ಮೇಲಿಂದ ಅದನ್ನು ನೋಡಿದೆ. ಸದ್ದು ಹೆಚ್ಚಾಗುತ್ತದೆ ಎಂದುಕೊಂಡಿದ್ದೆ. ಬದಲಿಗೆ ಕಲ್ಲುಗಳೆಲ್ಲ ಮುಳುಗಿ ಸದ್ದು ಕಮ್ಮಿಯಾಯಿತು. ಅವತ್ತಿನಿಂದ ನನಗೆ ಹೊಳೆಯ ಸದ್ದಿಗಿಂತ ಅದು ಸುಮ್ಮನಾಗುವುದೇ ಹೆದರಿಕೆ.

ಹೊಳೆಯ ನಡುವೆ ಒಂದು ತಿಟ್ಟು ಇದೆ. ತಿಟ್ಟು ಎಂದರೆ ದಿಬ್ಬ. ಸುತ್ತ ನೀರಿರುವುದರಿಂದ ದನ ನುಗ್ಗದೆ ಅಲ್ಲಿ ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಮೊಣಕಾಲುದ್ದದ ನೀರು ದಾಟಿ ಹೆಂಗಸರು ಹುಲ್ಲು ಕೊಯ್ಯಲು ಹೋಗುತ್ತಾರೆ. ಹೋಗುವಾಗ ಚಪ್ಪಲಿಯನ್ನು ದಡದ ಹೊಂಗೆಮರದ ಬುಡದಲ್ಲಿ ಬಿಡುವುದು ಕ್ರಮ. ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಎಂದರ್ಥ. ಹೊತ್ತು ಇಳಿದರೂ ಅಲ್ಲೇ ಇದ್ದರೆ ಕೂಗಿ ನೋಡುತ್ತಾರೆ. ಜಯಮ್ಮನ ಚಪ್ಪಲಿ ನೀಲಿ ಪಟ್ಟಿಯವು, ಒಂದಕ್ಕೆ ಪಿನ್ನು ಹಾಕಿದ್ದಳು. ಕಾಲೇಜಿಗೆ ಬಸ್ಸು ಹಿಡಿಯುವ ಮುಂಚೆ ಹೊಂಗೆಮರದತ್ತ ಒಂದು ನೋಟ ಹಾಯಿಸುವುದು ನನಗೆ ಅಭ್ಯಾಸವಾಯಿತು.

ಮಳೆಗಾಲ ಹತ್ತಿರ ಬಂದರೂ ಅವಳು ಹೋಗುವುದನ್ನು ಬಿಡಲಿಲ್ಲ. ಹೊಳೆ ಏರಬಹುದು, ಯಾರೂ ಇಳಿಯಬೇಡಿ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿಕೊಂಡು ಹೋದ ದಿನವೂ ಹೋದಳು. ನಾನು ತಡೆಯಲಾರದೆ ಕೇಳಿದೆ: "ಹೆದರಿಕಿ ಆಗಂಗಿಲ್ಲೇನ್ರಿ ನಿಮಗ?"

"ಮದ್ಯಾನದ್ ಒಳ್ಗೆ ನೀರು ಏರಲ್ಲ ಕಣಮ್ಮ. ಎಲ್ರಿಗೂ ಗೊತ್ತಿರೋದೇ."

ಎಲ್ಲರಿಗೂ ಗೊತ್ತಿರುವುದು ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಕಸುಬಿನವರಿಗೆ ಕೈ ತುರಿಸುತ್ತದೆ. "ನಿಮಗ ಯಾರು ಹೇಳಿದ್ರು?" ಎಂದೆ. ಓಟ್ಲು ಸಿದ್ದಣ್ಣ ಎಂದಳು. ಸಿದ್ದಣ್ಣನ ಹೋಟೆಲಿಗೆ ಹೋಗಿ ಟೀ ಕುಡಿಯುತ್ತಾ ಅವನನ್ನೂ ಕೇಳಿದೆ.

"ನಿಮ್ ವಿಮಲಾ ಮೇಡಮ್ಮೋರೇ ಏಳುದ್ರಲ್ಲ ತಾಯಿ! ಓದ್ಕಂಡಿರೋರು, ದಿನಾ ಒಳೇಲೇ ಇರೋರು. ಅವ್ರಿಗಿಂತ ಬೇಕಾ?"

ಮನೆಗೆ ಬಂದು ವಿಮಲಾಳನ್ನು ಕೇಳಿದೆ. ಅವಳು ಸೀಸೆಗೆ ಚೀಟಿ ಅಂಟಿಸುತ್ತಾ ತಲೆ ಎತ್ತದೆಯೇ ಹೇಳಿದಳು: "ಅದಾ? ನಾನು ಬಂದ ಹೊಸದರಲ್ಲಿ ಜಯಮ್ಮ ಹೇಳಿದ್ದು. ಅವರು ಹುಟ್ಟಿದಾಗಿನಿಂದ ಇಲ್ಲೇ ಇದ್ದಾರೆ, ಅವರಿಗಿಂತ ಬೇಕಾ?"

ಲೇಖನಗಳಲ್ಲಿ ಇದನ್ನು ಕಂಡಿದ್ದೇನೆ. ಒಂದು ಇನ್ನೊಂದನ್ನು ತೋರಿಸುತ್ತದೆ, ಅದು ಮತ್ತೊಂದನ್ನು, ಅದು ತಿರುಗಿ ಮೊದಲನೆಯದನ್ನು. ನಡುವೆ ನಿಂತು ಹೊಳೆಯನ್ನು ನೋಡಿದವರು ಯಾರೂ ಇರುವುದಿಲ್ಲ. ಕಾಗದದ ಮೇಲೆ ಅದು ಕಂಡಾಗ ಖುಷಿಯಾಗುತ್ತಿತ್ತು, ಒಂದು ಅಧ್ಯಾಯಕ್ಕೆ ಸರಕು ಸಿಕ್ಕಿತೆಂದು. ಇಲ್ಲಿ ಆ ಸುತ್ತಿನೊಳಗೆ ನೀಲಿ ಪಟ್ಟಿಯ ಚಪ್ಪಲಿಯವಳು ಕುಡುಗೋಲು ಹಿಡಿದು ನಿಂತಿದ್ದಳು.

ಜಯಮ್ಮನನ್ನು ಮತ್ತೆ ಹಿಡಿದೆ. ವಿಮಲಾಗೆ ಹಾಗೆ ಹೇಳಿದ್ದು ಹೌದೇ ಎಂದೆ. "ಊಂ, ಏಳಿದ್ದೆ ಅನ್ಸುತ್ತೆ. ಅದು ಬ್ಯಾಸ್ಗೆ ಮಾತು ಕಣಮ್ಮ. ಬ್ಯಾಸ್ಗೇಲಿ ಎಲ್ಲಿ ನೀರು?" ಎಂದಳು. ಹಾಗಾದರೆ ಈಗ ಯಾಕೆ ಹೋಗುತ್ತೀರಿ ಎಂದರೆ, "ಈಗ ಮೇಡಮ್ಮೋರೂ ಅದ್ನೇ ಏಳವ್ರಲ್ಲ. ನಂದಾದ್ರೆ ಸುಳ್ಳಿರ್ಬೋದು, ಓದ್ದೋರ್ದು ಸುಳ್ಳಾದದಾ?" ಎಂದಳು. ಅವಳ ಮಾತೇ ಊರು ಸುತ್ತಿ ದೊಡ್ಡದಾಗಿ ಅವಳ ಬಾಗಿಲಿಗೆ ಬಂದಿತ್ತು. ಅವಳು ಅದನ್ನು ಗುರುತಿಸಲಿಲ್ಲ.

ವಿಮಲಾ ವಿಷಯ ಕೇಳಿ ಬೆಚ್ಚಿದಳು. ಇಬ್ಬರೂ ಮನೆಮನೆಗೆ ಹೋಗಿ, ಆ ಮಾತಿಗೆ ಬುಡವಿಲ್ಲ, ನಂಬಬೇಡಿ ಎಂದು ಹೇಳಿದೆವು. ಎಲ್ಲರೂ ತಲೆಯಾಡಿಸಿದರು, ಕಾಫಿ ಕೊಟ್ಟರು, ಮರುದಿನ ಹೊಂಗೆಮರದ ಬುಡದಲ್ಲಿ ಚಪ್ಪಲಿಗಳು ಎಂದಿನಂತೆ ಇದ್ದವು. ಹಬ್ಬಿದ ಮಾತನ್ನು ಹಿಂದಕ್ಕೆ ಕರೆಯುವುದು ಉಗುಳಿದ್ದನ್ನು ನುಂಗಿದಷ್ಟೇ ಕಷ್ಟ. ಅಷ್ಟರಲ್ಲಿ ವಿಮಲಾಳ ಕ್ಷೇತ್ರಕಾರ್ಯವೂ ಮುಗಿಯಿತು. ಸೀಸೆಗಳನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಮೈಸೂರಿಗೆ ಹೋದಳು. ಮನೆಯಲ್ಲಿ ನಾನೊಬ್ಬಳೇ ಉಳಿದೆ.

ನಾನು ಸುಮ್ಮನಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸುದ್ದಿ ನೋಡಿ, ಮೇಲೆ ಮಳೆಯಿದ್ದರೆ, ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದಿದ್ದರೆ, ಬಾಗಿಲಲ್ಲಿ ನಿಂತು ಹುಲ್ಲಿಗೆ ಹೋಗುವವರನ್ನು ತಡೆಯತೊಡಗಿದೆ. ಹೊಸದರಲ್ಲಿ ನಕ್ಕರು. ಒಂದು ಬೆಳಿಗ್ಗೆ ನಾನು ಬೇಡವೆಂದು ಜಗಳವಾಡಿ ನಿಲ್ಲಿಸಿದ ಮೇಲೆ ನಿಜಕ್ಕೂ ತಿಟ್ಟು ಮುಳುಗಿತು. ಅಲ್ಲಿಂದ ನಾನು ಧಾರವಾಡದಮ್ಮನಾದೆ. ಬೆಳಗಾದರೆ ಜಯಮ್ಮ ಬೇಲಿಯಾಚೆಯಿಂದ ಕೂಗುತ್ತಿದ್ದಳು, "ಇವತ್ತು ಓಗ್ಬೋದಾ?" ಈ ಊರಲ್ಲಿ ನನಗೊಂದು ಜಾಗ ಸಿಕ್ಕಿತೆಂದು ಹೆಮ್ಮೆಪಟ್ಟೆ, ಸುಳ್ಳು ಹೇಳುವುದಿಲ್ಲ. ಆ ಹೆಮ್ಮೆಯಲ್ಲಿ ಒಂದು ಸಂಗತಿ ಹೊಳೆಯಲಿಲ್ಲ. ಅವರು ಸುದ್ದಿಯನ್ನು ನಂಬಿರಲಿಲ್ಲ, ನನ್ನನ್ನು ನಂಬಿದ್ದರು.

ಪಂಚಮಿಗೆ ಊರಿಗೆ ಹೋದೆ. ಮಂಡ್ಯದಲ್ಲಿ ರೈಲು ಹತ್ತಿ, ಮದ್ದೂರು ದಾಟುವಾಗ ಅವ್ವನಿಗೆಂದು ವಡೆ ಕಟ್ಟಿಸಿಕೊಂಡು, ಧಾರವಾಡದ ಮನೆಯಲ್ಲಿ ಅಣ್ಣ, ವೈನಿ, ಮಕ್ಕಳ ಗದ್ದಲದಲ್ಲಿ ಸೇರಿಹೋದೆ. ಮರುದಿನ ಬೆಳಿಗ್ಗೆ ಅವ್ವ ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಿದ್ದಳು. ಹಿತ್ತಲಿನಿಂದ ವೈನಿ ಕೂಗಿದಳು:

"ನೀರ ಬಂದಾವ! ಲಗೂ ಬರ್ರಿ, ನೀರ ಬಂದಾವ!"

ಮನೆಯವರೆಲ್ಲ ಕೊಡ ಹಿಡಿದು ನಗುತ್ತಾ ಓಡಿದರು. ನಾನು ಮಾತ್ರ ತುತ್ತು ಬಾಯಲ್ಲಿಟ್ಟುಕೊಂಡು ಕಲ್ಲಾಗಿ ಕೂತೆ. ಎರಡು ದಿನದಿಂದ ಸುದ್ದಿಯನ್ನೇ ನೋಡಿರಲಿಲ್ಲ. ಫೋನು ತೆಗೆದು ನೋಡಿದರೆ ಮೇಲೆ ಭಾರಿ ಮಳೆ, ಹೊಳೆಯಂಚಿನವರು ಎಚ್ಚರವಾಗಿರಬೇಕೆಂಬ ಸೂಚನೆ. ಸಿದ್ದಣ್ಣನಿಗೆ ಫೋನು ಮಾಡಿ, ಹೊಳೆಯ ಹತ್ತಿರ ಯಾರೂ ಹೋಗಿಲ್ಲವಲ್ಲ ಎಂದೆ.

"ಜಯಮ್ಮ ಓದ್ಳಲ್ಲ ತಾಯಿ. ಮೈಕ್ನೋರು ಕೂಗುದ್ರು. ಧಾರವಾಡದಮ್ಮ ನಿಸ್ಚಿಂತೆಯಿಂದ ಊರ್ಗೋಗವ್ಳೆ ಅಂದ್ರೆ ನೀರಿಲ್ಲ ಅಂತ್ಲೇ ತಾನೆ ಅಂದ್ಬುಟ್ಟು ಓದ್ಳು."

ಹೋಗಿ ನೋಡು ಎಂದು ಕಿರುಚಿದೆ. ಫೋನು ಕಿವಿಗಿಟ್ಟುಕೊಂಡೇ ಅವನು ಓಡಿದ. ಅವನ ಏದುಸಿರು, ಒಂದು ನಾಯಿಯ ಬೊಗಳು ಕೇಳಿಸಿದವು. ಹೊಳೆಯ ಸದ್ದು ಮಾತ್ರ ಕೇಳಿಸಲಿಲ್ಲ. ನಾನು ಕಾದೆ, ಕೇಳಿಸಲಿಲ್ಲ.

"ಚಪ್ಲಿ ಇಲ್ಲೇ ಅವೆ ಕಣಮ್ಮ," ಎಂದ ಸಿದ್ದಣ್ಣ. "ತಿಟ್ಟು ಕಾಣ್ತಾ ಇಲ್ಲ." ಫೋನು ನಿಂತುಹೋಯಿತು.

ಆ ಮಧ್ಯಾಹ್ನ ನಾನು ಹೇಗೆ ಕಳೆದೆನೆಂದು ಬರೆಯಲಾರೆ. ಕೊಡಗಳೆಲ್ಲ ತುಂಬಿದ ಮನೆಯಲ್ಲಿ ಅವ್ವ ಖುಷಿಯಿಂದ ಸಾಮಾನು ತೊಳೆಯುತ್ತಿದ್ದಳು. ಸಂಜೆಯ ಹೊತ್ತಿಗೆ ಸಿದ್ದಣ್ಣನೇ ಫೋನು ಮಾಡಿದ. ತಿಟ್ಟಿನಿಂದ ದಾಟಿ ಬರುವಾಗಲೇ ಜಯಮ್ಮನನ್ನು ನೀರು ಹಿಡಿದಿತ್ತಂತೆ. ಹೊರೆ ಬಿಟ್ಟಿದ್ದಾಳೆ, ಕುಡುಗೋಲು ಬಿಟ್ಟಿದ್ದಾಳೆ, ಕೆಳಗೆ ಎಲ್ಲೋ ಬಂಡೆಯೊಂದನ್ನು ತಬ್ಬಿ ದಡ ಹತ್ತಿದ್ದಾಳೆ. ಸಿಕ್ಕಾಗ ಮಾತಿರಲಿಲ್ಲ, ಜೀವ ಇತ್ತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ರಜೆ ಇನ್ನೂ ಇತ್ತು, ಚೀಲ ತುಂಬತೊಡಗಿದೆ.

"ಯಾರ ಸಲುವಾಗಿ ಹೊಂಟಿ?" ಎಂದಳು ಅವ್ವ, ರೊಟ್ಟಿ ಕಟ್ಟಿಕೊಡುತ್ತಾ. "ನಿನ್ನ ಊರು ಯಾವುದವಾ ಈಗ?" ನಾನು ರೊಟ್ಟಿಯ ಗಂಟನ್ನು ಚೀಲಕ್ಕೆ ಹಾಕಿಕೊಂಡೆ.

ಬ್ಲಫ್ ಬಸ್ಸಿನಿಂದ ಇಳಿದಾಗ ಜಯಮ್ಮ ಎದುರಿಗೇ ಬರುತ್ತಿದ್ದಳು. ಮೊಣಕೈಗೆ ಅರಿಶಿನದ ಪಟ್ಟು, ಬರಿಗಾಲು, ಸೊಂಟದಲ್ಲಿ ಹೊಸ ಕುಡುಗೋಲು. ಹಿಂದೆ ಇನ್ನೂ ಮೂರ್ನಾಲ್ಕು ಹೆಂಗಸರು. ಆಕಾಶ ತೊಳೆದಿಟ್ಟ ಹಾಗಿತ್ತು. ನನ್ನನ್ನು ಕಂಡವಳೇ ನಿಂತಳು.

"ನಾನ್ ಬಂದೆ, ಚಪ್ಲಿ ಓದ್ವು," ಎಂದು ನಗಲು ನೋಡಿದಳು. ಆಮೇಲೆ ನನ್ನ ಚೀಲಗಳನ್ನು, ನನ್ನ ಮುಖವನ್ನು ನೋಡಿ ಅವಳ ನಗು ಇಂಗಿತು. "ರಜಾ ಮುಗೀದೇನೇ ಬಂದ್ಬುಟ್ಯಾ? ಅಂಗಾರೆ ಇವತ್ತೂ ನೀರು ಬತ್ತದೆ." ಹಿಂದಿನವರಿಗೆ ಕೈ ಅಡ್ಡ ಹಿಡಿದಳು. "ತಿರುಗ್ರಮ್ಮೋ. ಧಾರವಾಡದಮ್ಮ ವಾಪಸ್ ಬಂದವ್ಳೆ."

ಅವರು ತಿರುಗಿದರು. ಆ ದಿನದ ಹೊಳೆಯ ಬಗ್ಗೆ ನನಗೆ ಏನೇನೂ ಗೊತ್ತಿರಲಿಲ್ಲ. ಬುಡವಿಲ್ಲದ ಮಾತು ಎಲ್ಲಿ ಕಂಡರೂ ಬೇರು ಅಗೆದು ತೋರಿಸುವುದು ನನ್ನ ಕಸುಬು. ಆದರೆ ಅವತ್ತು ನಾನು ಬಾಯಿ ಬಿಡಲಿಲ್ಲ.

ಈಗಲೂ ಬೇಲಿಯಾಚೆಯಿಂದ ಬೆಳಗಿನ ಕೂಗು ಬರುತ್ತದೆ. ದಸರೆಗಾದರೂ ಬಾ ಎಂದು ಅವ್ವ ಫೋನಿನಲ್ಲಿ ಕರೆಯುತ್ತಾಳೆ. ಹೊಳೆ ಇಳಿಯಲಿ, ಬರ್ತೇನಿ ಎನ್ನುತ್ತೇನೆ. ಹೊಳೆ ಇನ್ನೂ ಇಳಿದಿಲ್ಲ.