ನೆಲ ಬಿಸಿಯಾದದ್ದು ಎಲ್ಲಿಂದ

ಪೈಪು ರಿಪೇರಿಗೆ ಹೆಂಗಸು ಬಂದರೆ ಆ ಬೀದಿಯವರಿಗೆ ಮೊದಮೊದಲು ನಗು. ಅಪ್ಪನ ಕೈಕೆಳಗೆ ಕೆಲಸ ಕಲಿತು, ಅಪ್ಪ ಹೋದ ಮೇಲೆ ಅವನ ಸ್ಪ್ಯಾನರು ಚೀಲವನ್ನೇ ಹೆಗಲಿಗೇರಿಸಿಕೊಂಡವಳು ಅವಳು. ಎಲ್ಲೇ ನೀರು ತೊಟ್ಟಿಕ್ಕಿದರೂ, ಊಟದ ನಡುವೆಯೂ ಕಿವಿ ನೆಟ್ಟಗಾಗುತ್ತಿತ್ತು. ಗಂಡ ಲಾರಿ ಡ್ರೈವರು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಉಳಿದಂತೆ ಮನೆಯಲ್ಲಿ ಅವಳು ಮತ್ತು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಊರ ಸುದ್ದಿಗೆಲ್ಲ ಅಂಚು ಹಾಕುವ ಅತ್ತೆ.

ಒಂದು ದಿನ ಬೀದಿ ಕೊನೆಯ ಲಾಂಡ್ರಿಯಿಂದ ಕರೆ ಬಂತು. ಅಲ್ಲಿ ಬಾಯ್ಲರಿನ ಬಿಸಿನೀರು ನೆಲದಡಿಯ ಪೈಪಿನಲ್ಲಿ ಹರಿದು ಒಗೆಯುವ ಕೋಣೆ ಸೇರುತ್ತದೆ. ದಾರಿಯಲ್ಲಿ ಎಲ್ಲೋ ಸೋರಿಕೆ. ಅವಳು ಚಪ್ಪಲಿ ಬಿಟ್ಟು, ಪೈಪಿನ ದಾರಿಯುದ್ದಕ್ಕೂ ಬರಿಗಾಲಲ್ಲಿ ನಡೆದಳು. ಒಗೆಯುವ ಕೋಣೆಯ ಹಿಂದಿನ ಮೂಲೆಯಲ್ಲಿ ನೆಲ, ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು.

"ಇಲ್ಲೇ" ಅಂದಳು, ಎಳ್ಳಷ್ಟೂ ಅನುಮಾನವಿಲ್ಲದೆ.

ಟೈಲ್ಸ್ ಕಿತ್ತು ಅಗೆದರೆ ಬಿಸಿ ಕೆಸರೇನೋ ಸಿಕ್ಕಿತು. ಪೈಪು ಮಾತ್ರ ಕಲ್ಲಿನ ಹಾಗೆ ಗಟ್ಟಿ, ಒಂದು ಹನಿ ಸೋರಿಕೆಯಿಲ್ಲ.

"ಹಾಗಾದ್ರೆ ಈ ಬಿಸಿ ಏನು, ಆಕಾಶದಿಂದ ಇಳೀತಾ?" ಲಾಂಡ್ರಿ ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಗೊತ್ತಿಲ್ಲಮ್ಮ. ಗೊತ್ತಾಗೋವರೆಗೂ ಇನ್ನೊಂದು ಟೈಲ್ ಮುಟ್ಟಲ್ಲ."

ನಾಚಿಕೆಯಿಂದ ಮುಖ ಸಣ್ಣದಾಗಿದ್ದರೂ, ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ನಾಚಿಕೆಯಲ್ಲ. ಬಿಸಿ ಇದೆ, ಒಡೆದ ಪೈಪಿಲ್ಲ. ಹಾಗಾದರೆ ಅದು ಬಂದ ದಾರಿ ಯಾವುದು?

ಮನೆಗೆ ಬಂದವಳೇ ಬಟ್ಟೆ ನೆನೆಸುವ ಟಬ್ಬಿಗೆ ಒಣಮರಳು ತುಂಬಿ, ನಡುವೆ ಬಿಸಿನೀರಿನ ಡಬ್ಬಿ ಹೂತಳು. ಅತ್ತೆಯ ಡಬ್ಬದಿಂದ ಲೋಹದ ಬಟನ್ನುಗಳನ್ನು ತೆಗೆದು, ಒಂದೊಂದರ ಮೇಲೂ ಚಿಟಿಕೆ ಬೆಣ್ಣೆಯಿಟ್ಟು ಸುತ್ತಲೂ ಜೋಡಿಸಿದಳು. ಬೆಣ್ಣೆ ಕರಗಿದಲ್ಲಿಗೆ ಬಿಸಿ ತಲುಪಿತು ಎಂದು ಲೆಕ್ಕ.

"ಬ್ರೆಡ್ಡಿಗೆ ಬೆಣ್ಣೆ ಕೇಳಿದ್ರೆ ಕೊಬ್ಬು ಅಂತೀಯ, ಈಗ ಮರಳಿಗೆ ತಿನ್ನಿಸ್ತಿದ್ದೀಯಲ್ಲೇ!" ಅತ್ತೆ ಮೆಷಿನ್ನು ಬಿಟ್ಟು ಎದ್ದು ಬಂದರು. ಬಂದವರು ಅಲ್ಲೇ ಕೂತರು.

ಡಬ್ಬಿಗೆ ತಾಗಿಕೊಂಡಿದ್ದ ಬಟನ್ನುಗಳ ಬೆಣ್ಣೆ ಕರಗಿತು. ಉಳಿದದ್ದು ಜಪ್ಪಯ್ಯ ಅಂದರೂ ಕರಗಲಿಲ್ಲ. ಮರಳಿಗೆ ನೀರು ಚಿಮುಕಿಸಿ, ಡಬ್ಬಿಯ ನೀರು ಬದಲಿಸಿ ಮತ್ತೆ ಜೋಡಿಸಿದರೆ ದೂರದ ಬೆಣ್ಣೆಯೂ ಮೆತ್ತಗಾಗತೊಡಗಿತು.

"ಸ್ವೆಟರ್ ಇದ್ದ ಹಾಗೆ ಕಣೇ" ಅಂದರು ಅತ್ತೆ. "ಒಣಗಿದ್ರೆ ಸಂದುಗೊಂದಿಯಲ್ಲೆಲ್ಲ ಗಾಳಿ, ಬಿಸಿ ದಾಟಲ್ಲ. ನೆನೆದ ಸ್ವೆಟರ್ ಹಾಕ್ಕೊಂಡ್ರೆ ಮೈ ಬಿಸಿಯೆಲ್ಲ ಹೊರಗೆ ಹೋಗಿ ನಡುಗ್ತೀವಲ್ಲ, ಹಾಗೆ."

ಅವಳು ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಟಬ್ಬಿಗೆ ಬೇರೆ ಒಣಮರಳು ತುಂಬಿ, ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿದಳು. ಡಬ್ಬಿಯ ಬಾಯಿಗೆ ಸಣ್ಣ ಪೈಪು ಸಿಕ್ಕಿಸಿ, ಮೇಲೆ ದಪ್ಪಗೆ ಒಣಮರಳು ಮುಚ್ಚಿ, ಬೆಣ್ಣೆಯ ಬಟನ್ನುಗಳನ್ನು ಮತ್ತೆ ಜೋಡಿಸಿ, ಪೈಪಿನೊಳಗೆ ಬಿಸಿನೀರು ಹನಿಸುತ್ತಾ ಹೋದಳು. ಡಬ್ಬಿಯ ನೆತ್ತಿಯ ಮೇಲಿನ ಬೆಣ್ಣೆ ಹಾಗೇ ಕೂತಿತ್ತು. ಇಳಿಜಾರಿನ ತುದಿಯಲ್ಲಿ, ನೀರು ಬಂದು ನಿಂತ ಮೂಲೆಯಲ್ಲಿ, ಬೆಣ್ಣೆ ಎಣ್ಣೆಯಾಗಿತ್ತು.

"ಅತ್ತೆ! ಬಿಸಿ ಬರೀ ನಡೆಯಲ್ಲ, ನೀರಿನ ಹೆಗಲ ಮೇಲೆ ಸವಾರೀನೂ ಮಾಡುತ್ತೆ!"

ಮರುದಿನ ಲಾಂಡ್ರಿಗೆ ಹೋಗಿ ಮೊದಲು ಕೇಳಿದ್ದು ನೆಲದ ಕಥೆ. ಯಜಮಾನಿ ಜ್ಞಾಪಿಸಿಕೊಂಡಳು: "ಬಾಯ್ಲರ್ ಕಡೆ ಹಳ್ಳ ಇತ್ತು, ನಮ್ಮಪ್ಪ ಮರಳು ತುಂಬಿಸಿದ್ರು. ಅದರ ಕೆಳಗೆ ಜೇಡಿಮಣ್ಣು, ನೀರೂ ಇಂಗಲ್ಲ, ಗುದ್ದಲೀನೂ ಇಳಿಯಲ್ಲ. ಅದು ಒಗೆಯೋ ಕೋಣೆ ಕಡೆ ಇಳಿಜಾರು."

ಅವಳು ಬಾಯ್ಲರಿನ ಪಕ್ಕದಲ್ಲೇ ಅಗೆದಳು. ಮೇಲಿಂದ ಪೈಪಿನವರೆಗೂ ಒಣಮರಳು. ಯಜಮಾನಿ ಗಂಟಲು ಸರಿಮಾಡಿಕೊಂಡಳು. ಇವಳು ಇಳಿಜಾರಿನ ಕಡೆ ಸ್ವಲ್ಪ ಸರಿದು ಮತ್ತೆ ಗುದ್ದಲಿ ಹಾಕಿದಳು. ಅಲ್ಲೂ ಮೇಲೆ ಪುಡಿಪುಡಿ ಮರಳು, ಅಂಗೈಗೆ ತಣ್ಣಗೆ. ಇನ್ನಷ್ಟು ಆಳಕ್ಕೆ ಹೋದಾಗ ಉಗಿ ಮುಖಕ್ಕೆ ಹೊಡೆಯಿತು. ಪೈಪು ತಿರುಗುವ ಕಡೆ ಜಾಯಿಂಟು ಬಿರುಕುಬಿಟ್ಟು, ನೀರು ಜೇಡಿಯ ಮೇಲೆ ಸದ್ದಿಲ್ಲದೆ ಜಾರಿಹೋಗುತ್ತಿತ್ತು.

"ಇಲ್ಲಿದ್ದುಕೊಂಡು ಅಲ್ಲಿ ಮುಖ ತೋರಿಸ್ತಿತ್ತಾ, ಕಳ್ಳ!" ಯಜಮಾನಿಯೇ ಮಂಡಿಯೂರಿ ಬಗ್ಗಿ ನೋಡಿದಳು. ಜಾಯಿಂಟು ಬದಲಾಯಿತು. ಮೂಲೆಯಲ್ಲಿ ವೃಥಾ ಕಿತ್ತಿದ್ದ ಟೈಲ್ಸನ್ನು ಅವಳೇ ಪುಕ್ಕಟೆ ಕೂರಿಸಿಕೊಟ್ಟಳು.

ಅಲ್ಲಿಂದ ಮುಂದೆ ಬೀದಿಯಲ್ಲಿ ಅವಳು 'ಬರಿಗಾಲಮ್ಮ'. ಹೆಸರಿಗೆ ಅವಳ ತಕರಾರಿರಲಿಲ್ಲ. ತಲೆಗೆ ಹೊಕ್ಕ ಹುಳು ಮಾತ್ರ ಹೊರಗೆ ಬರಲೇ ಇಲ್ಲ. ಚಳಿಗಾಲದಲ್ಲಿ ಹಿತ್ತಲ ನಲ್ಲಿಗೆಂದು ಆಳವಾಗಿ ಅಗೆದಾಗ ಅತ್ತೆ ಒಳಗೆ ಕೈಬಿಟ್ಟು, "ಮೇಲೆ ಹಲ್ಲು ಕಟಕಟ ಅನ್ನುತ್ತೆ, ಒಳಗೆ ಬೆಚ್ಚಗಿದೆಯಲ್ಲೇ?" ಅಂದರು.

"ಬೇಸಿಗೆ ಬಿಸಿಲು ಈಗ ಅಲ್ಲಿಗೆ ತಲುಪ್ತಾ ಇರಬೇಕು, ಅತ್ತೆ."

"ಇಷ್ಟು ನಿಧಾನಾನಾ?"

ಅಷ್ಟರಲ್ಲಿ ಲಾರಿಯಿಂದಿಳಿದು ಬಂದ ಗಂಡನಿಗೆ ಕಂಡದ್ದು, ನೆಲದ ಮೇಲೆ ಬೋರಲು ಮಲಗಿ ಗುಂಡಿಯೊಳಗೆ ಕೈ ಇಳಿಬಿಟ್ಟ ಹೆಂಡತಿ, ಪಕ್ಕದಲ್ಲಿ ಅಮ್ಮ.

"ಏನು ಕಳ್ಕೊಂಡ್ರಿ ಇಬ್ಬರೂ?"

"ಕಳ್ಕೊಂಡಿಲ್ಲ. ಚೀಲ ಇಡು, ನೀನೂ ಕೈ ಹಾಕಿ ನೋಡು" ಅಂದರು ಅಮ್ಮ.

ಅವನು ಅಂಗಿ ತೋಳು ಮಡಿಚಿ ಅವರ ಪಕ್ಕ ಮಲಗಿದ.