ಕುಸುಬಿ ಎಣ್ಣೆ ಕುಡಿದ ಮೋಟಾರು

ಇವತ್ತು ಮುಂಜಾನೆ ನಮ್ಮ ಮೊಮ್ಮಗಳು ಹಳೇ ಕಾರೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದ್ದಾಳೆ. ಗಂಗಾವತಿಯ ಗ್ಯಾರೇಜಿನಲ್ಲಿ ಅವಳೇ ಮಿಸ್ತ್ರಿ, ನೋಡ್ರಿ! ಎಂಜಿನ್ ಬಿಚ್ಚಿ ಮತ್ತೆ ಕೂಡಿಸುತ್ತಾಳೆ ಅಂತ ಬಂದವರ ಮುಂದೆಲ್ಲ ನಾನು ಹೇಳಿ ಹೇಳಿ, ಹಾಲಿನವ ಈಗ ಚರಿಗೆಗೆ ಹಾಲು ಸುರಿದವನೇ ಓಡಿಬಿಡುತ್ತಾನೆ. ಓಡಲಿ. ನಾನು ಹಿಗ್ಗುವುದನ್ನು ಬಿಡುವುದಿಲ್ಲ. ಅಷ್ಟರಲ್ಲಿ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಳೆಯದೊಂದು ದಿನ ಕಣ್ಣ ಮುಂದೆ ಬಂತು.

ಐವತ್ತು ವರ್ಷದ ಮೇಲಾಯಿತು. ಆಗ ನಿಜಾಮರ ರಾಜ್ಯ, ಹೊರಗೆಲ್ಲೋ ಯುದ್ಧ. ಕುಷ್ಟಗಿಯ ಒಬ್ಬ ಸಾವುಕಾರರ ಹತ್ತಿರ ನಮ್ಮ ಮನೆಯವರು ಡ್ರೈವರ್, ನಾನು ಅಲ್ಲೇ ರೊಟ್ಟಿ ಬಡಿಯುವಾಕೆ. ಪೆಟ್ರೋಲು ಸಿಗದೆ ಮೋಟಾರು ತಿಂಗಳುಗಟ್ಟಲೆ ಎತ್ತಿನ ಬಂಡಿಗಳ ಪಕ್ಕದಲ್ಲಿ ನಿಂತಿತ್ತು. ಇವರು ಆಗಾಗ ಎಂಜಿನ್ನಿನ ಎಣ್ಣೆ ಅಳೆಯುವ ಕೋಲು ಎಳೆದು ನೋಡಿ ಹಿಗ್ಗುತ್ತಿದ್ದರು. "ಕೆಳಗ ಹನಿ ಹನಿ ಸೋರತೈತಿ, ಮ್ಯಾಲ ಕಡಿಮಿನ ಆಗವಲ್ದು. ಎಂಥಾ ಪುಣ್ಯವಂತ ಎಂಜಿನ್!"

ಅಂತೂ ಪೆಟ್ರೋಲಿನ ಚೀಟಿ ಸಿಕ್ಕಿತು. ರಾಯಚೂರಿನಿಂದ ಮಿಸ್ತ್ರಿ ಬಂದ. ಇವರೂ ಅವನೂ ತಾವರಗೇರಾ ದಾರಿಯಲ್ಲಿ ಓಡಿಸಿ ನೋಡಲು ಹೊರಟರು. ನಾನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನೋಡುತ್ತ ನಿಂತೆ. ಹಂಚಿನ ಮೇಲಿನ ರೊಟ್ಟಿ ಇದ್ದಿಲಾಯಿತು, ಆ ಮಾತು ಬೇರೆ. ಮೋಟಾರು ಹೋದದ್ದು ಗುರುಗುಡುತ್ತ. ಬಂದದ್ದು ಎರಡು ಜೋಡಿ ಎತ್ತುಗಳ ಹಿಂದೆ!

"ಎಣ್ಣಿ ಜೋರು ತೋರಸೂ ಮುಳ್ಳು ಸರ್ರನ ಇಳೀತ್ರಿ," ಅಂದರು ಇವರು. "ಗಾಡಿ ನಿಲ್ಲಸೂದ್ರಾಗ ಕಿರ್ರಂತ ಒದರಿ ಎಂಜಿನ್ ಹಿಡಕೊಂಡ ಬಿಡ್ತು."

ಇಬ್ಬರು ಆಳುಗಳು ಎಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲಿಗೆ ಜೋತುಬಿದ್ದರೂ ಅದು ಅಲುಗಲಿಲ್ಲ. ಮಿಸ್ತ್ರಿ ಕೋಲು ಎಳೆದು ನೋಡಿದ. ತುಂಬಿತ್ತು. "ಎಣ್ಣಿ ಐತಿ, ಮ್ಯಾಲ ಏರಿಲ್ಲ," ಅನ್ನುತ್ತ ಗಾಡಿಯ ಕೆಳಗೆ ತೂರಿ ಎಣ್ಣೆಯ ತಟ್ಟೆ ಬಿಚ್ಚಿದ. ಒಳಗೆ ಬೆಲ್ಲದ ಪಾಕದಂಥದ್ದು. ಎಣ್ಣೆ ಹೀರುವ ಜಾಳಿಗೆಯ ಕಣ್ಣೆಲ್ಲ ಮುಚ್ಚಿಹೋಗಿದ್ದವು. ಬೆರಳಿಗೆ ಹಚ್ಚಿಕೊಂಡು ಮೂಸಿದ, ನಾಲಗೆಗೂ ಇಟ್ಟ.

"ಯಾ ಅಲ್ಲಾ! ಇದು ಕುಸುಬಿ ಎಣ್ಣಿ, ಸಾವುಕಾರ್ರ. ಇದ್ರಾಗ ಭಜಿ ಕರೀಬೇಕು, ಮೋಟಾರ್ ಓಡಸೂದಲ್ಲ."

ಯಾರೂ ನಗಲಿಲ್ಲ. ಸಾವುಕಾರರು ಇವರ ಕಡೆ ತಿರುಗಿದರು. "ನನ್ನ ಮೋಟಾರಿನ ಡಬ್ಬಿ ಎಣ್ಣಿ ಕಾಳಸಂತ್ಯಾಗ ಮಾರಿ ಗಾಣದೆಣ್ಣಿ ಸುರುವಿದೇನಲೇ? ತಡಿ, ಪೊಲೀಸ್ ಅಮೀನರನ್ನ ಕರಸ್ತೀನಿ!"

"ಇಲ್ರೀ ಧಣಿ, ಖರೇನ ಇಲ್ರೀ," ಅಂದರು ಇವರು. ನನ್ನ ಕಣ್ಣು ಮಾತ್ರ ನಾನು ಉಟ್ಟಿದ್ದ ಹೊಸ ಇಳಕಲ್ ಸೀರೆಯ ಮೇಲಿತ್ತು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಹಿಂದಿನ ದಿನವಷ್ಟೇ ಇವರು ತಂದುಕೊಟ್ಟಿದ್ದರು. ದುಡ್ಡು ಎಲ್ಲಿಂದ ಅಂತ ನಾನು ಕೇಳಿರಲಿಲ್ಲ.

ಗಂಡಸರ ಮುಂದೆ ತಲೆ ಎತ್ತದ ನಾನು ನೆಟ್ಟಗೆ ಅಂಗಳಕ್ಕೆ ಇಳಿದೆ. "ನಾ ಸುರುವೀನ್ರಿ. ತಿಳೀಲಿಲ್ರಿ, ತಪ್ಪಾತ್ರಿ."

ಆಗ ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಸಾವುಕಾರರ ತಾಯಿ ಒದರಿದರು: "ಏ ಹುಚ್ಚಿ, ನೀ ಯಾವಾಗ ಸುರುವಿದಿ? ಅಮಾಸಿಗೊಮ್ಮಿ ಸುರುವಾಕಿ ನಾನು!"

"ಯವ್ವಾ!" ಅಂದರು ಸಾವುಕಾರರು.

"ಏನ್ ಯವ್ವಾ? ಅಮಾಸಿಗೆ ಎಲ್ಲಾ ಬಂಡಿ ಕೀಲಿಗೂ ಎಣ್ಣಿ ಬಿಡತೀವಿ. ಇದೊಂದು ಏನು ಪಾಪ ಮಾಡೇತಿ? ಮ್ಯಾಲ ಮುಚ್ಚಳಾ ತಗದು ಒಂದೊಂದ ತಂಬಗಿ ಬಿಟ್ಟೀನಿ. ಹೊಸಾ ಗಾಣದ್ದು, ಛಲೋದ ಬಿಟ್ಟೀನಿ!"

ಹೆತ್ತವ್ವನನ್ನು ಅಮೀನರಿಗೆ ಒಪ್ಪಿಸುವುದುಂಟೇ? ಮಿಸ್ತ್ರಿ ಮುಖ ತಿರುಗಿಸಿ ಕೆಮ್ಮಿದ. ಸಾವುಕಾರರು ಒಳಗೆ ಹೋದರು. ಇವರ ಮಾನ ಉಳಿಯಿತು.

ಮನೆಗೆ ಬಂದ ಮೇಲೆ ಇವರು ಕೇಳಿದರು: "ನೀ ಸುರುವಿಲ್ಲ. ಮತ್ಯಾಕ ಹಂಗಂದಿ?" ನನ್ನ ಕೈ ಸೆರಗಿನ ಮೇಲೆ ಹೋಯಿತು. ಅವರ ಕಣ್ಣು ಸೀರೆಗೆ ಬಂದು ನಿಂತಿತು. ಅಂಗಿ ಎತ್ತಿ ಸೊಂಟ ತೋರಿಸಿದರು. ಮದುವೆಯಲ್ಲಿ ಹಾಕಿದ್ದ ಬೆಳ್ಳಿ ಉಡದಾರ ಇರಲಿಲ್ಲ. "ಕೇಳಿದ್ದರ ಹೇಳತಿದ್ನೆಲ್ಲ," ಅಂದು ಹೊರಗೆ ನಡೆದರು. ಆಮೇಲೆ ಎಷ್ಟೋ ವರ್ಷ ಸಂಸಾರ ಮಾಡಿದೆವು, ಮಕ್ಕಳಾದವು, ಜಗಳವಾಡಿದೆವು, ನಕ್ಕೆವು. ಆ ಮಾತನ್ನು ಮಾತ್ರ ಅವರು ತೀರಿಕೊಳ್ಳುವ ತನಕ ಇಬ್ಬರೂ ಎತ್ತಲಿಲ್ಲ.

ಇದನ್ನು ಇವತ್ತು ಮೊದಲ ಸಲ ಬಾಯಿಬಿಟ್ಟು ಮೊಮ್ಮಗಳ ಮುಂದೆ ಹೇಳಿದೆ. ಅವಳು ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಕೂತಿದ್ದಳು. "ಕಟ್ಟಿಕೊಂಡ ಗಂಡನ್ನ ಕಳ್ಳ ಅಂತ ತಿಳದ್ನೆಲ್ಲವಾ, ಎಂಥಾಕಿ ನಾನು!" ಅಂದೆ.

"ಅಲ್ಲಜ್ಜಿ, ಕಳ್ಳ ಅಂತ ತಿಳದೂ ಅವನ ಬದ್ಲಿ ನೀ ಜೇಲಿಗೆ ಹೋಗಾಕ ನಿಂತಿದ್ದೆಲ್ಲ. ಅಜ್ಜಗ ಅದು ತಿಳೀದ ಇದ್ದೀತೇನು?"

ಇಷ್ಟು ವರ್ಷ ಆ ಕಡೆಯಿಂದ ನಾನು ಒಮ್ಮೆಯೂ ನೋಡಿರಲಿಲ್ಲ, ನೋಡ್ರಿ. ಒಳಗೆ ಏನು ಉಕ್ಕಿತೋ, ಗೋಡೆಯ ಮೇಲಿನ ಅವರ ಪಟದ ಕಡೆ ತಿರುಗಿ, "ಯಂಕಪ್ಪಾ, ಕೇಳಿದೇನೋ!" ಎಂದು ಕೂಗಿಬಿಟ್ಟೆ.

ಮೊಮ್ಮಗಳ ಕೈಯಿಂದ ಪಾನಾ ಬಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮದುವೆಯಾದಂದಿನಿಂದ ಗಂಡನ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು.